ಅಹಮದಸಾಬರು ಕೈಗಿಟ್ಟ ಹಿತ್ತಾಳೆ ತುಂಡು

ಅಹಮದಸಾಬರ ಮೇಲೆ ನನಗೆ ಹೊಟ್ಟೆಕಿಚ್ಚು. ಮುಚ್ಚಿಡುವುದೇನಿದೆ? ರಾಯಾಪುರದಲ್ಲಿ ನನ್ನದು ನಾಲ್ಕು ಟ್ರ್ಯಾಕ್ಟರ್ ನಿಲ್ಲುವ ಗ್ಯಾರೇಜು. ಅವರದು ದುರ್ಗದಬೈಲಿನ ಸಂದಿಯಲ್ಲಿ ಇಬ್ಬರು ಕೂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಅಂಗಡಿ. ಮೊದಲು ಪಂಪ್ ಸ್ಟೋವ್ ರಿಪೇರಿ ಮಾಡುತ್ತಿದ್ದರು. ಮನೆಮನೆಗೆ ಗ್ಯಾಸ್ ಬಂದ ಮೇಲೆ ಕುಕ್ಕರು, ಗ್ಯಾಸ್ ಒಲೆ, ದೇವರ ಮನೆಯ ಹಿತ್ತಾಳೆ ದೀಪ. ನನ್ನ ಹೆಂಡತಿ ಸುಮಲತಾ ಕೂಡ, ಮನೆಯಲ್ಲೇ ಒಬ್ಬ ಮಿಸ್ತ್ರಿ ಇರುವಾಗ, ಕುಕ್ಕರನ್ನು ಚೀಲಕ್ಕೆ ಹಾಕಿಕೊಂಡು ಬಸ್ ಹತ್ತಿ ಅವರಲ್ಲಿಗೇ ಹೋಗುತ್ತಾಳೆ.

“ಕಾಕಾ ಕೈ ಹಚ್ಚಿದ್ರ ಮುಗೀತ್ರಿ,” ಎನ್ನುತ್ತಾಳೆ. ನಾನು ಕೈ ಹಚ್ಚಿದರೆ ಏನಾಗುತ್ತದೆಂದು ಹೇಳುವುದಿಲ್ಲ.

ಅವರದೊಂದು ರೂಢಿ ಇದೆ. ಏನೇ ಬದಲಿಸಲಿ, ತೆಗೆದ ಹಳೆಯ ಭಾಗವನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುತ್ತಾರೆ. ಸವೆದ ವಾಷರನ್ನೂ ಬಿಡುವುದಿಲ್ಲ.

ಗುಡ್ಡಪ್ಪ ನನ್ನ ಹಳೆಯ ಗಿರಾಕಿ. ಅವರ ಮನೆಯ ಮೂರೂ ಟ್ರ್ಯಾಕ್ಟರ್ ನನ್ನಲ್ಲಿಗೇ ಬರುತ್ತವೆ. ಈ ಸಲ ಅವರ ಅಪ್ಪನ ಕಾಲದ, ಪೆಟ್ರೋಲಿನ ಟ್ರ್ಯಾಕ್ಟರ್ ತಂದರು. ಮಹಾನವಮಿಯ ಆಯುಧಪೂಜೆಗೆ, ಅಂದರೆ ನಮ್ಮ ಕಡೆಯ ಖಂಡೆ ಪೂಜೆಯ ದಿನ, ಅದು ಚಾಲೂ ಆಗಲೇಬೇಕೆಂಬ ಹಟ. ಕಾರ್ಬೊರೇಟರಿಗೆ ಪೈಪು ಕೂಡುವ ಕಡೆ, ಹಿತ್ತಾಳೆ ನಿಪ್ಪಲಿನ ಬುಡದಲ್ಲಿ ಹನಿ ಹನಿ ಸೋರುತ್ತಿತ್ತು. ಪಾನಾ ಹಾಕಿ ಬಿಗಿ ಮಾಡಿದೆ. ನಿಲ್ಲಲಿಲ್ಲ. ಪಾನಾಕ್ಕೊಂದು ಉದ್ದ ಪೈಪು ಸಿಕ್ಕಿಸಿ ಇನ್ನೊಂದು ತಿರುವು ಕೊಟ್ಟೆ. ಟಕ್ ಎಂದಿತು. ಅರ್ಧ ನನ್ನ ಕೈಯಲ್ಲಿ, ಅರ್ಧ ಒಳಗೆ.

“ಹಳೇ ಮಾಲು, ತಾನ ಮುರೀತ್ರಿ,” ಎಂದೆ, ಆಮೇಲೆ ಒಳಗೆ ಬಂದ ಗುಡ್ಡಪ್ಪನವರಿಗೆ.

ಒಳಗಿನ ತುಂಡು ಏನು ಮಾಡಿದರೂ ಬರಲಿಲ್ಲ. ಡ್ರಿಲ್ ಹಾಕಲು ಧೈರ್ಯವಾಗಲಿಲ್ಲ. ಕಾರ್ಬೊರೇಟರ್ ಸೀಳಿದರೆ ಅಂಥದ್ದು ಇನ್ನೊಂದು ಎಲ್ಲೂ ಸಿಗುವುದಿಲ್ಲ.

“ಅಹಮದಸಾಬರ ಹಂತೇಕ ಒಯ್ಯೂಣೇನ್ರಿ?” ಎಂದರು ಗುಡ್ಡಪ್ಪ.

ಮೈಯೆಲ್ಲ ಉರಿಯಿತು. ಆದರೂ ಕಾರ್ಬೊರೇಟರ್ ಬಿಚ್ಚಿಕೊಂಡು ಗುಡ್ಡಪ್ಪನವರ ಜೊತೆ ಹೋದೆ. ಅವರಿಂದಲೂ ಆಗದಿರಲಿ ಎಂದು ದಾರಿಯುದ್ದಕ್ಕೂ ಬೇಡಿಕೊಂಡೆ.

ಗುಡ್ಡಪ್ಪ ಚಹಾ ಹೇಳಲು ಹೋದರು. ಅಹಮದಸಾಬರು ಕಾರ್ಬೊರೇಟರನ್ನು ತೊಳೆದು ಒಣಗಿಸಿ, ಹಳೆಯ ಪಂಪ್ ಸ್ಟೋವ್ ಹಚ್ಚಿ ದೂರದಿಂದ ಕಾಸಿದರು. ಬಿಸಿಯಾದ ಕಡೆ ಮೇಣದಬತ್ತಿ ತಾಗಿಸಿದರು. ಮೇಣ ಕರಗಿ ತಿರುಪಿನ ಸಂದಿಗೆ ಇಳಿಯಿತು. ಮುರಿದ ನಿಪ್ಪಲಿನ ತೂತಿಗೆ ಹಳೆ ಅರದ ಚೌಕ ತುದಿ ಇಟ್ಟು ಮೆಲ್ಲಗೆ ಎರಡು ಏಟು ಹಾಕಿ, ಎಡಕ್ಕೆ ತಿರುವಿದರು. ಬಂದೇಬಿಟ್ಟಿತು. ನನ್ನ ಕಣ್ಣಲ್ಲಿ ನೀರು ಬರುವಷ್ಟು ಸಂಕಟವಾಯಿತು.

ಅವರು ತುಂಡನ್ನು ಬೆಳಕಿಗೆ ಹಿಡಿದರು. ತಿರುಪು ಸೊಟ್ಟಗೆ ತಿರುಚಿಕೊಂಡಿತ್ತು. ಬಲವಂತಕ್ಕೆ ಮುರಿದದ್ದು ಯಾರಿಗಾದರೂ ತಿಳಿಯುವಂತಿತ್ತು. ಒಮ್ಮೆ ನನ್ನ ಮುಖ ನೋಡಿದರು. ಪೇಪರಿನಲ್ಲಿ ಸುತ್ತಲಿಲ್ಲ. ನನ್ನ ಅಂಗೈಗಿಟ್ಟು ಬೆರಳು ಮಡಚಿದರು.

ಅಷ್ಟರಲ್ಲಿ ಗುಡ್ಡಪ್ಪ ಬಂದರು. “ಬಂತೇನ್ರಿ? ಆ ತುಂಡು ನನಗ ಕೊಡ್ರಿ. ಅಪ್ಪನ ಕೈ ಆಡಿದ್ದು, ದೇವರ ಜಗಲಿ ಮ್ಯಾಲ ಇಡತೇನಿ.”

“ಎಲ್ಲೋ ಬಿತ್ತ ನೋಡ್ರಿ,” ಎಂದರು ಅಹಮದಸಾಬರು, ಸ್ಟೋವ್ ಒರೆಸುತ್ತ.

ಸವೆದ ವಾಷರನ್ನೂ ಕಳೆಯದ ಮನುಷ್ಯ ನನಗಾಗಿ ಸುಳ್ಳು ಹೇಳಿದರು! ಕೈಚಳಕ ಅವರದು, ಹೆಸರು ಅವರದು, ಈಗ ದೊಡ್ಡತನವೂ ಅವರದೇ ಆಗಬೇಕೆ? ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮುಷ್ಟಿ ಬಿಚ್ಚಿದೆ.

“ಇಲ್ಲೈತ್ರಿ. ತಾನ ಮುರದಿಲ್ಲ, ನಾನ ಬಿಗಿ ಮಾಡಿ ಮುರದೇನಿ.”

ಗುಡ್ಡಪ್ಪ ತುಂಡು ತಿರುಗಿಸಿ ತಿರುಗಿಸಿ ನೋಡಿದರು. ಮೂರೂ ಟ್ರ್ಯಾಕ್ಟರ್ ಕೈಬಿಟ್ಟು ಹೋದವು ಎಂದುಕೊಂಡೆ.

“ಮದಲ ಹೇಳಬಾರದೇನ್ರಿ, ಮಿಸ್ತ್ರಿ? ಹೋಗ್ಲಿ. ನಾಳೆ ಬ್ಯಾರೆ ನಿಪ್ಪಲ್ ಹಾಕಿ ನೀವ ಜೋಡಿಸಿ ಚಾಲೂ ಮಾಡ್ರಿ,” ಎಂದು ಅವರತ್ತ ತಿರುಗಿದರು. “ನಿಮಗ ಗೊತ್ತಾಗಿತ್ತೇನ್ರಿ, ಅಹಮದಸಾಬ್ರ?”

“ನನಗೆಲ್ಲಿ ಕಾಣಸ್ತೈತ್ರಿ. ಕಣ್ಣು ಮಂದ ಆಗ್ಯಾವು.”

ಕೂದಲಿನಷ್ಟು ತೂತಿಗೆ ಮೊದಲ ಸಲಕ್ಕೇ ಸ್ಟೋವ್ ಪಿನ್ನು ಹಾಕುವ ಕಣ್ಣು! ನನ್ನ ಹೊಟ್ಟೆ ಮತ್ತೆ ಉರಿಯಿತು.