ಸೊಸಿ ಮುಳುಗಿದ ಕಥಿ ಓದಿದ್ದು

ನನಗ ಆಗ ಅರವತ್ತೊಂದು. ಇವತ್ತಿಗೆ ಆರು ವರ್ಷದ ಮಾತು. ಶಹಾಪುರದ ಒಂದು ಗೋದಾಮಿನಾಗ ಮೆಣಸಿನಕಾಯಿ ತೊಟ್ಟು ಮುರಿಯಾಕ ಹೋಗತಿದ್ದೆ. ಹತ್ತು ಹನ್ನೆರಡು ಮಂದಿ ಹೆಣ್ಣಮಕ್ಕಳು ರಾಶಿ ಸುತ್ತ ಕುಂತು ಮುರಿಯೋದು. ಅವರೊಳಗ ಅಕ್ಷರ ಕೂಡಿಸಿ ಓದಾಕ ಬರತಿದ್ದದ್ದು ನನಗೊಬ್ಬಾಕಿಗೆ, ಅದೂ ಐವತ್ತು ದಾಟಿದ ಮ್ಯಾಲೆ ಕಲತದ್ದು. ಊಟ ಆದ ಮ್ಯಾಲೆ ನಾ ಓದಬೇಕು, ನನ್ನ ಪಾಲಿನ ಕಾಯಿ ಅವರು ಮುರಿಬೇಕು. ಹಂಗ ನಮ್ಮ ಕರಾರು.

ಲೈಬ್ರರಿಯವ ಒಂದು ತೆಳ್ಳನ ಪುಸ್ತಕ ಕೊಟ್ಟಿದ್ದ. ಇಂಗ್ಲೆಂಡಿನ ಹೆಣ್ಣಮಗಳು ಬರದದ್ದು, ಯಾರೋ ಕನ್ನಡ ಮಾಡಿದ್ದರು. ಅದರಾಗ ಸೊಸಿ ಕಾಲು ಜಾರಿ ಕೊಳದಾಗ ಬೀಳತಾಳ. ಅತ್ತಿ ಕಿಟಕ್ಯಾಗ ನಿಂತು ನೋಡತಾಳ. ಚಾ ಸೋಸತಾಳ, ಸಕ್ಕರಿ ಹಾಕತಾಳ, ಬಿಸ್ಕಿಟು ಅದ್ದತಾಳ. ಬಿಸ್ಕಿಟು ಮುರದು ಕಪ್ಪಿನಾಗ ಮುಳುಗಿದಾಗ ಮಾತ್ರ ಗಾಬರಿಬಿದ್ದು ಚಮಚದಿಂದ ಎತ್ತತಾಳ. ಎಲ್ಲಾ ಮುಗದ ಮ್ಯಾಲೆ ಓಡಿ ಬರ್ರಿ ಅಂತ ಬಾಯಿ ಮಾಡತಾಳ.

ಕೊಳ ಅಂದ್ರ ನಮ್ಮ ಮಂದಿಗೆ ಏನು ತಿಳೀತದ ಅಂತ ನಾ ಬಾವಿ ಅಂತ ಓದಿದೆ. ಅತ್ತಿ ಬಾಯಿಂದ ನಮ್ಮ ಮಾತೂ ಆಡಿಸಿದೆ: "ಇರವ್ವ, ಚಾ ಆರತದ, ಕುಡದು ಬಂದೆ."

ಅರ್ಧ ಮಂದಿ ಬಿದ್ದು ಬಿದ್ದು ನಕ್ಕರು. "ಖರೇ ಬರದಾಳ ಖೋಡಿ," ಅಂದಳು ಒಬ್ಬಾಕಿ, "ನಮ್ಮತ್ತೀನ ನೋಡೇ ಬರದಾಳ." ನನ್ನ ಬಾಜೂಕ ಕುಂತ ಸಾಬರ ಹೆಣ್ಣಮಗಳು, ನಾವೆಲ್ಲಾ ಖಾಲಾ, ಅಂದ್ರ ಚಿಗವ್ವ, ಅಂತ ಕರಿಯೋ ಆಕಿ, ಮಾರಿ ಸಿಂಡರಿಸಿದಳು. "ತೋಬಾ ತೋಬಾ! ಖೂನ್ ಮಾಡಿಸಿ ನಗಸ್ತಾಳಲ್ಲ, ಎಂಥ ಹೆಂಗಸವ್ವ ಇಕಿ? ಬಂದ್ ಮಾಡು."

"ನೀ ಅತ್ತಿ ಆಗೀದಿ, ಅದಕ್ಕ ಉರೀತು!" ಅಂತ ಆಕಡೆಯಿಂದ ಕೂಗಿದರು. "ಬಿಸ್ಕಿಟಿಂದು ಇನ್ನೊಮ್ಮೆ ಓದು."

ಓದಿದೆ. ನಾನೂ ನಕ್ಕೆ.

ನಮ್ಮ ಜೋಡಿ ಕಾಯಿ ಮುರಿಯೋ ಬೋನಾಳ ಊರಿನಾಕಿ ಎದ್ದದ್ದು ನಾ ನೋಡಲಿಲ್ಲ. ಆಕಿ ಮಗಳು ಎರಡು ವರ್ಷದ ಹಿಂದ ಗಂಡನ ಮನಿ ಬಾವ್ಯಾಗ ಹೆಣ ಆಗಿ ಸಿಕ್ಕಿದ್ದಳು. ನನಗ ಗೊತ್ತಿತ್ತು, ಮಣ್ಣಿಗೂ ಹೋಗಿದ್ದೆ. ನಗಸೋ ಹುಕ್ಕಿಯೊಳಗ ನೆನಪು ಹಾರಿತ್ತು, ಅಷ್ಟ.

ಕೂದಲ ಹಿಡದು ನನ್ನ ಹಿಂದಕ್ಕ ಕೆಡವಿದಳು. ಎದಿಮ್ಯಾಲೆ ಮೊಣಕಾಲು ಊರಿ, ಒಂದು ಹಿಡಿ ಮೆಣಸಿನಕಾಯಿ ಬಾಯಾಗ ತುರುಕಿದಳು. "ನಗು! ನಗಬೇ ಮುದುಕಿ, ನಗು!" ಉಗುಳಾಕ ಬಿಡಲಿಲ್ಲ, ಅಂಗೈಲೆ ಬಾಯಿ ಒತ್ತಿ ಹಿಡದಳು. ಇನ್ನೊಂದು ಕೈಲೆ ಎರಡೂ ಕಣ್ಣಾಗ ಖಾರ ತಿಕ್ಕಿದಳು. ನಾ ಆಕಿ ಬೆರಳು ಕಚ್ಚಿದೆ, ರಕ್ತದ ರುಚಿ ಬರೂತನಕ ಬಿಡಲಿಲ್ಲ. ಆಕಿ ತಕ್ಕಡಿ ಕಲ್ಲು ಎತ್ತಿ ನನ್ನ ಬಾಯಿಗೆ ಹಾಕಿದಳು. ಮುಂದಿನ ಹಲ್ಲು ಮುರದು ಗಂಟಲದಾಗ ಇಳೀತು.

"ನನಗೂ ಚಾ ಕೊಟ್ಟರು!" ಅಂತ ಚೀರಿದಳು. "ಮಗಳಿಗೆ ಆರಾಮಿಲ್ಲ ಬರ್ರಿ ಅಂತ ಕರಸಿದರು. ಬೀಗಿತಿ ಚಾ ತಂದು ಕೊಟ್ಟಳು, ನಾ ಕುಡದೆ. ಕಪ್ಪು ಕೆಳಗಿಟ್ಟ ಮ್ಯಾಲೆ ಹೇಳಿದಳು, ನಿಮ್ಮ ಮಗಳು ಬಾವ್ಯಾಗ ಅದಾಳ ಅಂತ!"

ಖಾಲಾ ಆಕಿ ರಟ್ಟಿ ಹಿಡದು ಎಳದಳು, ನನ್ನ ಕಣ್ಣಿಗೆ ತನ್ನ ಬುತ್ತಿ ಮಜ್ಜಿಗಿ ಸುರುವಿದಳು. "ಸಾಹುಕಾರಗ ಹೇಳು," ಅಂದರು ಮಂದಿ, "ನಾಳೆನೇ ಹೊರಗ ಹಾಕತಾನ." ಕೈ ಎತ್ತಿದವರಿಗೆ ಅಲ್ಲಿ ಕೆಲಸ ಇಲ್ಲ, ಅದು ಆತನ ಕಾಯಿದೆ. ಬೋನಾಳದಾಕಿ ಮಗಳ ಕೂಸು ಸಾಕತಿದ್ದಳು, ಆ ಕೂಲಿ ಬಿಟ್ರ ಆಕಿಗೆ ಬ್ಯಾರೆ ಗತಿ ಇದ್ದಿಲ್ಲ.

"ಹೇಳು ಹೋಗು," ಅಂದಳು ಆಕೀನೂ, ಬೆರಳಿಗೆ ಸೆರಗಿನ ಚೂರು ಸುತ್ತಿಕೊಂತ. "ನಾ ಏನು ಕಾಲು ಹಿಡಿಯಂಗಿಲ್ಲ."

ಹಿಡಿ ಅಂತ ನಾನೂ ಅನ್ನಲಿಲ್ಲ. ಪುಸ್ತಕದಾಗ ಬಾವಿ ಇದ್ದಿಲ್ಲ. ಅದನ್ನ ತೋಡಿದಾಕಿ ನಾನು.

ಮರುದಿನ ಮುಂಜಾನೆ ಖಾಲಾನ ಕೈ ಹಿಡಕೊಂಡು ಕೆಲಸಕ್ಕ ಹೋದೆ. ಒಂದು ಕಣ್ಣು ಅರ್ಧ ತೆರೀತಿತ್ತು. ಸಾಹುಕಾರ ಬಾಗಲದಾಗ ನಿಂತಿದ್ದ.

"ಏನಾತಬೇ ಮಾರಿಗೆ?"

"ಖಾರದ ಕೈಲೆ ಕಣ್ಣು ಉಜ್ಜಿಕೊಂಡೆರಿ."

"ಮತ್ತ ಹಲ್ಲು?"

"ವಯಸ್ಸಾತಲ್ರಿ, ಉದರಿತು."

ಆತ ಬೋನಾಳದಾಕಿ ಕಡೆ ತಿರುಗಿದ. "ಇಕಿ ಬೆರಳಿಗೆ ಏನಾಗೇದ?"

"ನಿಮ್ಮ ಗೋದಾಮಿನ ಹೆಗ್ಗಣ ಕಚ್ಚೇದ್ರಿ," ಅಂದೆ, ಒಳಗ ಹೋಗಿ ಹೊಸ ಚೀಲದ ಹೊಲಿಗಿ ಬಿಚ್ಚಿದೆ.