ಸಭಾಗೃಹದ ನಾಡಿಪರೀಕ್ಷೆ

ಮೈಕಿನ ಮುಂದೆ ಬಂದ ಮನುಷ್ಯ ಮೊದಲು ಅದರ ತಲೆಯ ಮೇಲೆ ಎರಡು ಮೊಟಕಿ, ಆಮೇಲೆ ಅದರೊಳಗೆ ಉಸಿರೂದಿ, ಕೊನೆಗೆ ‘ಹಲೋ’ ಎನ್ನುವ ಸಂಪ್ರದಾಯವನ್ನು ಯಾವ ಪುಣ್ಯಾತ್ಮ ಆರಂಭಿಸಿದನೋ ತಿಳಿಯದು. ಆ ಹಲೋಗೆ ಸಭಿಕರಲ್ಲೊಬ್ಬರು ಮರುಹಲೋ ಹೇಳಿದ್ದನ್ನು ನಾನಂತೂ ಕೇಳಿಲ್ಲ. ಆದರೂ ಈ ಉಪಚಾರವಿಲ್ಲದೆ ನಮ್ಮ ಕಡೆ ಸಭೆ ಶುರುವಾಗುವುದಿಲ್ಲ. ಧ್ವನಿಶಾಸ್ತ್ರ ಎಂದರೆ ಇಷ್ಟೇ ಎಂದು ನಾನೂ ನಂಬಿದ್ದೆ, ಬೆಳಗಾವಿಯ ಅನಗೋಳದಲ್ಲಿ ಧ್ವನಿವರ್ಧಕಗಳ ವ್ಯವಹಾರ ನಡೆಸುವ ಸಂಜೀವರು ನಮ್ಮ ಮನೆಯ ಅಳಿಯಂದಿರಾಗುವವರೆಗೆ.

ಸಂಜೀವರ ಬಳಿ ಪೆನ್ಸಿಲಿನಷ್ಟು ಸಪೂರವಾದ ಒಂದು ಮೈಕಿದೆ. ಅದು ಮಾತಾಡುವುದಕ್ಕಲ್ಲ, ಕೇಳಿಸಿಕೊಳ್ಳುವುದಕ್ಕೆಂದೇ ಹುಟ್ಟಿದ್ದು. ನಮ್ಮ ಸಾರ್ವಜನಿಕ ಜೀವನದಲ್ಲಿ ಇಂಥ ವಸ್ತು ಅಪರೂಪವೆಂದು ಓದುಗರು ಒಪ್ಪುವರು. ಅದು ಕೇಳಿದ್ದನ್ನೆಲ್ಲ ಲ್ಯಾಪ್‌ಟಾಪಿಗೆ ಚಾಡಿ ಹೇಳುತ್ತದೆ. ಸಭಾಗೃಹ ಯಾವ ಸ್ವರವನ್ನು ನುಂಗುತ್ತದೆ, ಯಾವುದನ್ನು ಉಬ್ಬಿಸುತ್ತದೆ ಎಂಬುದು ಅಲ್ಲಿ ಏರಿಳಿಯುವ ಗೆರೆಯಾಗಿ ಮೂಡುತ್ತದೆ. ಅದನ್ನು ತಗ್ಗಿಸಿ, ಇದನ್ನು ಏರಿಸಿ, ಗೆರೆ ನೇರವಾಗುವ ತನಕ ಸಂಜೀವರು ಊಟಕ್ಕೆ ಏಳುವುದಿಲ್ಲ. ನನ್ನ ಹೃದಯತಜ್ಞರು ನೇರ ಗೆರೆ ಕಂಡರೆ ಗಾಬರಿಯಾಗುತ್ತಾರೆ. ನಮ್ಮ ಅಳಿಯಂದಿರು ಮಂದಹಾಸ ಬೀರುತ್ತಾರೆ.

ಈ ವಿದ್ಯೆಯ ಅಗತ್ಯ ಬಿದ್ದದ್ದು ನನ್ನ ಅಕ್ಕನಿಗೆ. ಅಕ್ಕ ಬದುಕಿಡೀ ಖಾನಾಪುರದ ಸಾಲೆಯಲ್ಲಿ ಪಾಠ ಹೇಳಿದವಳು. ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸಿದ್ದರು. ಆದರೆ ಗಂಟಲಿನ ಶಸ್ತ್ರಚಿಕಿತ್ಸೆಯಾದ ಮೇಲೆ ಅವಳ ಧ್ವನಿ ನೂಲಿನಷ್ಟಾಗಿತ್ತು. ಶಾಲು, ಹಣ್ಣಿನ ಬುಟ್ಟಿ ಸ್ವೀಕರಿಸಿ ಸುಮ್ಮನೆ ಕೂತಿರಲಿ, ಅವಳ ನಾಲ್ಕು ಮಾತನ್ನು ಬೇರೆಯವರು ಓದಲಿ ಎಂದು ಸಂಘಟಕರು ಸೂಚಿಸಿದರು. “ನಾ ಇನ್ನೂ ಜೀವಂತ ಅದೀನಿ. ನನ್ನ ಮಾತ ಮತ್ತೊಬ್ರ್ಯಾಕ ಓದಬೇಕು?” ಎಂದಳು ಅಕ್ಕ. ಸಮಾರಂಭದ ಸ್ಥಳವೋ, ಅಲ್ಲಿಯವರು ಪತ್ರಾಸೆನ್ನುವ ತಗಡಿನ ಮಾಡು, ಬೋಳು ಗೋಡೆಗಳ ಸಭಾಗೃಹ. ಗುಡುಗುವ ಭಾಷಣಕಾರರೂ ಅಲ್ಲಿ ಬಾಯಿ ಮುಕ್ಕಳಿಸಿದಂತೆ ಕೇಳಿಸುತ್ತಾರೆ. ಅಕ್ಕನ ಹಟದ ಭಾರವೆಲ್ಲ ಆ ಸಪೂರ ಮೈಕಿನ ಮೇಲೆ ಬಿತ್ತು.

ಬೆಳಿಗ್ಗೆಯೇ ಖಾನಾಪುರ ತಲುಪಿದೆವು. ಕೊನೆಯ ಸಾಲಿನಲ್ಲಿ ಆ ಸಪೂರ ಮೈಕು ಹಿಡಿದು ನಿಲ್ಲುವ ಗೌರವ ನನ್ನದು. ಸಭಾಗೃಹದ ಉಸ್ತುವಾರಿ ಮಾರುತಿ, ಒಂದು ಕಾಲಕ್ಕೆ ಅಕ್ಕನ ವಿದ್ಯಾರ್ಥಿ, ಈಗ ನರೆತ ಮೀಸೆಯ ಗೃಹಸ್ಥ, ಪಂಖಾಗಳನ್ನು ನಿಲ್ಲಿಸಿ ಬಾಗಿಲು ಮುಚ್ಚಿದ. ಸಂಜೀವರು ಸ್ಪೀಕರುಗಳಿಂದ ‘ಪಿಂಕ್ ನಾಯ್ಸ್’ ಎಂಬ ಸದ್ದನ್ನು ಹೊರಡಿಸಿದರು. ಸದ್ದಿಗೂ ಬಣ್ಣವಿದೆಯೆಂದು ನನಗೆ ಗೊತ್ತಾದದ್ದೇ ಆಗ. ಕೇಳುವುದಕ್ಕೆ ಮಾತ್ರ ತಗಡಿನ ಮೇಲೆ ಧೋ ಎಂದು ಸುರಿಯುವ ಮಳೆ. ತುಸು ಹೊತ್ತಿನಲ್ಲೇ ಪಕ್ಕದ ಮನೆಯ ಹೆಂಗಸು, ಮಾಳಿಗೆಯ ಮೇಲಿನ ಸಂಡಿಗೆಯನ್ನೆಲ್ಲ ಸೀರೆಯಲ್ಲಿ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದಳು.

“ಬಿಸಲು ರಣರಣ ಐತಿ, ನಿಮ್ಮ ಪತ್ರಾಸಿನ ಮ್ಯಾಲ ಅಷ್ಟ ಮಳಿ ಹೆಂಗೋ ಮಾರುತಿ?”

“ಮಳಿ ಅಲ್ಲ ಮಾವಶಿ, ಸಾಹೇಬ್ರು ಬೆಳಗಾಂವಿಂದ ತಂದಾರ.”

ಮಧ್ಯಾಹ್ನಕ್ಕೆ ಗೆರೆ ನೇರವಾಯಿತು, ಸಂಜೀವರು ಉಂಡರು. ಆದರೆ ಖಾಲಿ ಸಭಾಗೃಹ ಒಂದು ಪ್ರಾಣಿ, ತುಂಬಿದ ಸಭಾಗೃಹ ಇನ್ನೊಂದು. ಸಂಜೆ ಜನ ತುಂಬಿದರು, ಜೊತೆಗೆ ಮುದಿ ಪಂಖಾಗಳೂ ಒಟ್ಟಿಗೆ ನರಳತೊಡಗಿದವು. ಸಂಜೀವರು ಮಾರುತಿಯನ್ನು ಕರೆದು, “ಪಂಖಾ ಬಂದ್ ಮಾಡ್ರಿ, ಅತ್ತಿಯವರ ಧ್ವನಿ ಮುಳಗತೈತಿ” ಎಂದರು.

“ಅಹೋ ಸಾಹೇಬ್ರ, ಪಾವಣ್ಯಾರು ಕೋಟ್ ಹಾಕ್ಕೊಂಡ ಕುಂತಾರ. ಪಂಖಾ ಬಂದ್ ಮಾಡಿದ್ರ ಅವರು ನನ್ನ ಬಂದ್ ಮಾಡ್ತಾರ!”

ಕೋಟು ಧರಿಸಿದ ಅತಿಥಿಗಳೆಲ್ಲ ಅಕ್ಕನನ್ನು ಕಂಠಪೂರ್ತಿ ಹೊಗಳಿದರು. ಆ ಸಭಾಗೃಹದಲ್ಲಿ ಮೊದಲ ಬಾರಿಗೆ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ಅದರಿಂದ ಯಾರಿಗೆ ಲಾಭವಾಯಿತೆಂಬುದು ಬೇರೆ ಮಾತು. ಆಮೇಲೆ, ದೀಪ ಹಾಕುವಷ್ಟು ಕತ್ತಲಾಗುವ ಮೊದಲೇ, ಅಕ್ಕ ಎದ್ದಳು. ತುಟಿಗಳು ಅಲುಗಿದವು, ಕೇಳಿಸಿದ್ದು ಪಂಖಾಗಳ ನರಳಾಟ. ಸಂಜೀವರು ಧ್ವನಿ ಏರಿಸಿದರೆ ಸ್ಪೀಕರು ಸೀಟಿ ಹೊಡೆಯಿತು. ಇಳಿಸಿದರೆ ಅಕ್ಕ ಮಾಯ. ಅಕ್ಕ ತನ್ನ ಕುರ್ಚಿಯ ಕಡೆ ತಿರುಗಿ ನೋಡಿದಳು.

ಆಗ ಮಾರುತಿ ಯಾರನ್ನೂ ಕೇಳದೆ ಹೋಗಿ, ಅಂಗೈಯಿಂದ ಪಂಖಾದ ಸ್ವಿಚ್ಚುಗಳನ್ನೆಲ್ಲ ಒಮ್ಮೆಲೇ ಒತ್ತಿಬಿಟ್ಟ. ಪಂಖಾಗಳು ಮೆಲ್ಲಗೆ ನಿಂತವು. ಯಾರೂ ಏಳಲಿಲ್ಲ, ಕೈಯಲ್ಲಿದ್ದ ಆಮಂತ್ರಣಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುವುದನ್ನೂ ಬಿಟ್ಟರು. ಲ್ಯಾಪ್‌ಟಾಪಿನಲ್ಲಿ ಸದ್ದಿನ ಗೆರೆ ಜಾರುತ್ತ ಜಾರುತ್ತ, ಬೆಳಿಗ್ಗೆ ಸಭಾಗೃಹ ಖಾಲಿಯಿದ್ದಾಗಿನ ತಳಕ್ಕೇ ಬಂದು ನಿಂತಿತು, ಅಷ್ಟು ಜನ ಒಳಗೆ ಕೂತಿದ್ದಾಗಲೇ. ಇಂಥ ಶ್ರುತಿ ಮಾಡುವ ಗುಂಡಿ ಯಾವ ಯಂತ್ರದಲ್ಲೂ ಇದ್ದಂತಿಲ್ಲ.

ಅಕ್ಕ ತಲೆಯೆತ್ತಿ, ನಿಂತುಹೋದ ಪಂಖಾಗಳನ್ನು ನೋಡಿದಳು. ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ. “ಕರೆಂಟ್ ಹೋತು” ಎಂದು ತೀರ್ಮಾನಿಸಿ, ದಿನವಿಡೀ ಶ್ರುತಿಗೊಳಿಸಿದ್ದ ಮೈಕನ್ನು ಪಕ್ಕಕ್ಕೆ ಸರಿಸಿ, ವೇದಿಕೆಯ ಅಂಚಿಗೆ ಬಂದಳು. “ಹೋದ್ರ ಹೋಗಲಿ. ನಾ ಏನ ಕರೆಂಟಿನ ಮ್ಯಾಲ ಸಾಲಿ ಕಲಿಸಿದಾಕಿ ಅಲ್ಲ.”

ಮೈಕು ನಡೆಯುತ್ತಿದೆಯೆಂದು ಕೂಗಿ ಹೇಳಲು ಸಂಜೀವರು ಅರ್ಧ ಎದ್ದರು. ನಾನು ಅಂಗಿ ಹಿಡಿದೆ: “ಕುಂದರ್ರಿ, ಅಳಿಯಂದಿರ.”

ಅಕ್ಕನ ನೂಲಿನಂಥ ಧ್ವನಿ ಕೊನೆಯ ಸಾಲಿನ ನಮಗೂ ಕೇಳಿಸಿತು. “ಮಾರುತೀ, ಅಲ್ಯಾಕ ನಿಂತಿ? ಮುಂದ ಬಂದ ಕುಂದರು.” ನರೆತ ಮೀಸೆಯ ಮಾರುತಿ ತಲೆ ತಗ್ಗಿಸಿ ಬಂದು, ಎದುರಿಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಸಂಜೀವರು ಸದ್ದಾಗದಂತೆ ಲ್ಯಾಪ್‌ಟಾಪ್ ಮುಚ್ಚಿದರು.