ಗುಡ್ಡದೊಳಗಿನ ಮನೆ ಬೇಡವೆಂದೆ

ಲಂಡನ್ನಿನ ಪಿನ್ನರ್‌ನಲ್ಲಿ ನಮ್ಮ ಪಕ್ಕದ ಮನೆಯವರು ಎಕ್ಸ್‌ಟೆನ್ಶನ್ ಕಟ್ಟಿಸಲು ತೋಟ ಅಗೆಸುತ್ತಿದ್ದಾರೆ. ಹೋದ ವಾರ ಅಡುಗೆಮನೆಯ ಕಿಟಕಿ ತೆರೆದೆ. ಹಸಿ ಮಣ್ಣಿನ ವಾಸನೆ ಒಳಗೆ ಬಂತು. ಕಾಕಾ ನೆನಪಾದರು.

ಕೊಲಿಂಡೇಲ್‌ನಲ್ಲಿ ಬಾಡಿಗೆಗಿದ್ದಾಗ ನಮ್ಮ ಎದುರಿನ ಫ್ಲಾಟಿನವರು ಅವರು, ವಿಜಯಪುರದ ಕಡೆಯವರು. ನಾನು ಮೈಸೂರಿನವಳು, ನೆಂಟಸ್ತನ ಏನೂ ಇರಲಿಲ್ಲ. ಆದರೂ ನಾವು ಗಂಡ ಹೆಂಡತಿ ಟ್ಯೂಬ್ ರೈಲು ಹಿಡಿದು ಕೆಲಸದಿಂದ ಬರುವಷ್ಟರಲ್ಲಿ ಕಾಕಾ ನಮ್ಮ ಮಗಳನ್ನು ಶಾಲೆಯಿಂದ ಕರೆತಂದಿರುತ್ತಿದ್ದರು, ಅವರ ಹೆಂಡತಿ ಕಾಕು ರೊಟ್ಟಿ ತಿನ್ನಿಸಿರುತ್ತಿದ್ದರು. ಮಗಳು ಇಂಗ್ಲಿಷಿನಲ್ಲಿ ವಾದಿಸುತ್ತಿದ್ದಳು, ಕಾಕಾ ಕನ್ನಡದಲ್ಲೇ ಬೈಯುತ್ತಿದ್ದರು. ಚೆನ್ನಾಗಿತ್ತು.

ಒಂಬತ್ತನೇ ಮಹಡಿ ಮಾತ್ರ ಅವರಿಗೆ ಒಗ್ಗಲೇ ಇಲ್ಲ. ಊರಲ್ಲಿ ಮಣ್ಣಿನ ಚಾವಣಿಯ ಮಾಳಿಗೆ ಮನೆಯಲ್ಲಿ ಬೆಳೆದವರು. ದಕ್ಷಿಣ ಸ್ಪೇನಿನಲ್ಲಿ ಗುಡ್ಡವನ್ನೇ ಕೊರೆದು ಮಾಡಿದ ಮನೆಗಳ ಫೋಟೊ ಎಲ್ಲಿಯೋ ನೋಡಿದರು. ಒಂದನ್ನು ಕೊಂಡು ಅಲ್ಲೇ ಇರುತ್ತೇನೆಂದು ಹಟ ಹಿಡಿದರು. ಮಕ್ಕಳಿಲ್ಲದವರು, ಕೇಳಲು ಬೇರೆ ಯಾರಿದ್ದರು? ಮನೆ ನೋಡಲು ಕಾಕು ಜೊತೆ ನನ್ನನ್ನೂ ಹೊರಡಿಸಿದರು.

"ನೀ ಹೂಂ ಅಂದ್ರ ತಗೋತೀನವಾ," ಎಂದಿದ್ದರು.

ಅಲ್ಲಿ ದೂರದಿಂದ ಮನೆಯೇ ಕಾಣುವುದಿಲ್ಲ. ಒಣಹುಲ್ಲಿನ ಗುಡ್ಡ, ಅಲ್ಲಲ್ಲಿ ಸುಣ್ಣ ಬಳಿದ ಚಿಮಣಿ, ಗುಡ್ಡದ ಮೈಗೇ ಇಟ್ಟ ಬಾಗಿಲುಗಳು... ಕಾಕಾ ಒಳಗೆ ಹೋಗಿ ತಣ್ಣನೆಯ ಗೋಡೆಗೆ ಅಂಗೈ ಒತ್ತಿ ಎಷ್ಟೋ ಹೊತ್ತು ನಿಂತಿದ್ದರು. ಹೊರಬಂದಾಗ ಪ್ರವಾಸಿಗಳೆಲ್ಲ ಫೋಟೊ ತೆಗೆಯಲು ಗುಡ್ಡ ಹತ್ತುತ್ತಿದ್ದರು. ನಾನೂ ನಾಲ್ಕು ಹೆಜ್ಜೆ ಇಟ್ಟೆ.

"ಏ, ಇಳಿ ಇಳಿ! ಕೆಳಗ ಮಂದಿ ಉಣ್ಣಾಕತ್ತಾರ. ಮಾಳಿಗಿ ಮ್ಯಾಲ ಓಡಾಡಿದ್ರ ತಾಟಿನ್ಯಾಗ ಮಣ್ಣ ಬೀಳತೈತಿ."

"ಕಾಕಾ, ಇದು ಗುಡ್ಡ."

"ಅವರಿಗೆ ಮಾಳಿಗಿನ ಅಲ್ಲೇನು?"

ಒಳಗೆ ತಟ್ಟೆ ತೊಳೆಯುವ ಸದ್ದು ಕೇಳುವವರೆಗೂ ಆ ಮಹಾರಾಯರು ನಮ್ಮಿಬ್ಬರನ್ನೂ ಬಿಸಿಲಲ್ಲಿ ನಿಲ್ಲಿಸಿದರು.

ಸಂಜೆ "ಏನಂತಿ?" ಎಂದು ಕೇಳಿದರು. ನಾನು ಅಡ್ಡಗೋಡೆ ಮೇಲೆ ದೀಪ ಇಡಲಿಲ್ಲ. ಗೋಡೆಗೆ ತೇವ ಬರುತ್ತದೆ, ಡಾಕ್ಟರು ದೂರ, ಭಾಷೆ ಬಾರದು, ಬೇಡವೇ ಬೇಡ ಎಂದೆ. ಎಲ್ಲವೂ ನಿಜವೇ. ಆದರೆ ನನ್ನ ತಲೆಯಲ್ಲಿದ್ದದ್ದು ಅದ್ಯಾವುದೂ ಅಲ್ಲ; ಇವರು ಹೋಗಿಬಿಟ್ಟರೆ ಮಗಳನ್ನು ಕರೆತರುವವರು ಯಾರು ಎಂಬುದೊಂದೇ.

"ಆತು ಬಿಡು," ಎಂದರು. ಮತ್ತೆ ಆ ಮಾತೆತ್ತಲಿಲ್ಲ...

ಮೂರು ವರ್ಷದ ಮೇಲೆ ಅದೇ ಒಂಬತ್ತನೇ ಮಹಡಿಯಲ್ಲಿ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ಜೋಮು ಹಿಡಿದ ಕಾಲಿನ ಹಾಗೆ, ಮುಟ್ಟಿದರೂ ಏನೂ ಗೊತ್ತಾಗುವುದಿಲ್ಲ.

ಭಾನುವಾರ ಕೆಂಟನ್‌ಗೆ ಹೋಗಿದ್ದೆ. ಕಾಕು ಈಗ ಅಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಇಷ್ಟು ವರ್ಷ ನುಂಗಿಕೊಂಡದ್ದನ್ನು ಹೇಳಿಬಿಟ್ಟೆ.

"ಕಾಕು, ಅವತ್ತು ಬೇಡ ಅಂದಿದ್ದು ನಿಮ್ಮ ಒಳ್ಳೇದಕ್ಕಲ್ಲ. ನನ್ನ ಅನುಕೂಲಕ್ಕೆ."

ಅವರು ಚಹಾ ಸೋಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತವಾ ಅವರಿಗೆ. ವಾಪಸ್ ಬರೂಮುಂದ ವಿಮಾನದಾಗ ಅಂದ್ರು, ಆ ಹುಡುಗಿ ಒಬ್ಬಾಕಿನ ಸಾಲಿಯಿಂದ ಬರೂವಷ್ಟು ದೊಡ್ಡಾಕಿ ಆಗಲಿ, ಆಮ್ಯಾಲ ಹೋಗೂಣು ಅಂತ."

ಮಗಳಿಗೆ ಈಗ ಹದಿನಾರು. ಒಬ್ಬಳೇ ಬರುತ್ತಾಳೆ.